ಮೊಳೆಗೆ ನೇತುಹಾಕಿದ ಅಂಗಿ

ತೀರ್ಪು ಇನ್ನೂರ ಹದಿನಾಲ್ಕು ಪುಟ. ಅದರಲ್ಲಿ ರೇಖಾಳ ಹೆಸರು ಒಂದೇ ಕಡೆ ಇತ್ತು, ಅರವತ್ತೊಂದನೇ ಪುಟದಲ್ಲಿ.

‘ರಕ್ತದ ಕಲೆಯಿದ್ದ ಅಂಗಿಯನ್ನು ಆರೋಪಿಯ ಮನೆಯ ಮಂಚದ ಕೆಳಗಿನಿಂದ ವಶಪಡಿಸಿಕೊಳ್ಳಲಾಯಿತು. ಆರೋಪಿಯ ಪತ್ನಿ ರೇಖಾ ಅಂಗಿಯನ್ನು ಗುರುತಿಸಿ ಮಹಜರಿಗೆ ಸಹಿ ಹಾಕಿರುತ್ತಾರೆ.’

ಭೀಮೇಶನಿಗೆ ಗಲ್ಲು ವಿಧಿಸಿದ ಸೆಷನ್ಸ್ ನ್ಯಾಯಾಧೀಶರು ಮುಖ್ಯವಾಗಿ ಹಿಡಿದುಕೊಂಡದ್ದು ಈ ಎರಡು ವಾಕ್ಯಗಳನ್ನು. ತೀರ್ಪು ಇಂಗ್ಲಿಷಿನಲ್ಲಿತ್ತು. ಆ ಪುಟವನ್ನು ರೇಖಾಳಿಗೆ ಯಾರೂ ಓದಿ ಹೇಳಿರಲಿಲ್ಲ.

ಕೊಲೆಯಾದವರು ಬಿಳೇಕಹಳ್ಳಿಯ ಗೌರಮ್ಮ. ಅರವತ್ತೆಂಟು ವರ್ಷ. ಅವರ ಗಂಡ ಚಿಕ್ಕಬೈರಪ್ಪ ಒಂದು ಕಾಲದಲ್ಲಿ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಈಗ ಆ ಹೊಲದ ಮೇಲೆ ಮೂರು ಪಿಜಿ ಕಟ್ಟಡಗಳಿವೆ. ಮಗ ಶಿವರಾಮ್ ಅವುಗಳನ್ನು ನೋಡಿಕೊಳ್ಳುತ್ತಾನೆ. 2021ರ ಫೆಬ್ರುವರಿ 9, ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ ಗೌರಮ್ಮನ ಹೆಣ ಮನೆಯ ಹಿತ್ತಿಲ ಬಾಗಿಲಲ್ಲಿ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು. ಒಳಕೋಣೆಯ ಬೀರುವಿನಲ್ಲಿದ್ದ ಒಡವೆ ಇರಲಿಲ್ಲ. ಆ ಒಡವೆ ಇವತ್ತಿಗೂ ಸಿಕ್ಕಿಲ್ಲ. ಅಂದು ಬೆಳಿಗ್ಗೆ ಪಿಜಿಯ ಕಕ್ಕಸು ಗುಂಡಿ ಬಳಿಯಲು ಭೀಮೇಶ್ ಬಂದು ಹೋಗಿದ್ದ. ಸಂಜೆಯೇ ಅವನನ್ನು ಹಿಡಿದರು.

‘ಆರೋಪಿಗೆ ಮನೆಯೊಳಗೆ ಮುಕ್ತ ಪ್ರವೇಶವಿತ್ತು’ ಎಂದು ತೀರ್ಪು ಹೇಳಿತ್ತು. ‘ಅನ್ನ ಹಾಕಿದ ಕೈಯನ್ನೇ ಕೊಂದವನು’ ಎಂದೂ ಹೇಳಿತ್ತು.

ಒಂಬತ್ತು ವರ್ಷ ಆ ಮನೆಯವರ ಗುಂಡಿಗೆ ಇಳಿದ ಭೀಮೇಶ್ ಒಂದು ದಿನವೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅವರ ಹಜಾರದ ಗೋಡೆಗೆ ಯಾವ ಬಣ್ಣ ಬಳಿದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಅನ್ನ ಬರುತ್ತಿದ್ದುದು ಹಿತ್ತಿಲ ನಲ್ಲಿಯ ಹತ್ತಿರಕ್ಕೆ, ಪೇಪರ್ ತಟ್ಟೆಯಲ್ಲಿ. ತಿಂದಾದ ಮೇಲೆ ತಟ್ಟೆಯನ್ನು ಅವನೇ ಬೀದಿಗೆ ಒಯ್ದು ಎಸೆಯಬೇಕಿತ್ತು. ಕೋರ್ಟಿನಲ್ಲಿ ಇದನ್ನು ಯಾರೂ ಕೇಳಲಿಲ್ಲ. ಯಾರೂ ಹೇಳಲಿಲ್ಲ.

“ಸೆಷನ್ಸ್ ಕೋರ್ಟು ಗಲ್ಲು ಕೊಟ್ಟ ತಕ್ಷಣ ಮುಗೀಲಿಲ್ಲಮ್ಮ,” ಎಂದರು ವಕೀಲ ನರೇಂದ್ರ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ ಅವರ ಕಚೇರಿ. ಕಾನೂನು ನೆರವಿನಲ್ಲಿ ಈ ಕೇಸು ಅವರ ಕೈಗೆ ಬಂದಿತ್ತು. “ಹೈಕೋರ್ಟು ಒಪ್ಬೇಕು. ಒಪ್ಪೋವರ್ಗೂ ನೇಣಿಗೆ ಹಾಕಕ್ಕಾಗಲ್ಲ. ನಮ್ಮ ಅಪೀಲೂ ಅದ್ರ ಜೊತೇಲೇ ವಿಚಾರಣೆಗೆ ಬರತ್ತೆ. ಆದ್ರೆ ನಿಜ ಹೇಳ್ತೀನಿ, ಅವ್ರು ಕೊಲೆನೇ ಮಾಡಿಲ್ಲ ಅಂತ ಗೆಲ್ಲೋದು ಕಷ್ಟ. ಅಂಗಿ ಸಿಕ್ಕಿದೆ. ಅದಕ್ಕೆ ನಿಮ್ ಸೈನೇ ಇದೆ. ಗಲ್ಲು ಹೋಗಿ ಜೀವಾವಧಿ ಆದ್ರೆ ಸಾಕು ಅಂತ ಕೇಳೋಣ. ಮೊದ್ಲು ಜೀವ ಉಳೀಲಿ.”

ರೇಖಾ ತಲೆ ಆಡಿಸಿದಳು. ಅವಳ ಕಣ್ಣು ನರೇಂದ್ರರ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮೇಲಿತ್ತು.

“ಇವ್ರು ಹೇಮಶ್ರೀ. ಗಲ್ಲು ಕೊಡೋ ಮುಂಚೆ ಆ ಮನುಷ್ಯ ಯಾರು, ಹೆಂಗ್ ಬದುಕ್ದ ಅಂತ ಕೋರ್ಟು ನೋಡ್ಬೇಕು. ಆ ವರದಿ ಬರೆಯೋರು ಇವ್ರು. ಜೈಲಿಗೆ ಹೋಗಿ ಭೀಮೇಶ್ ಹತ್ರ ಮಾತಾಡ್ತಾರೆ.”

“ನಮಸ್ಕಾರ ಅಕ್ಕ,” ಎಂದಳು ಹೇಮಶ್ರೀ. ವಯಸ್ಸು ಇಪ್ಪತ್ತೇಳರ ಆಸುಪಾಸು. ಹತ್ತಿ ಸೀರೆ, ಸಣ್ಣ ಮೂಗುತಿ. ಕೈ ನುಣ್ಣಗಿತ್ತು. ರೇಖಾ ತನ್ನ ತೋರುಬೆರಳನ್ನು ಮಡಚಿಕೊಂಡಳು. ಅದರ ಉಗುರಿನ ಮೂಲಕ ಮಿಷನ್ನಿನ ಸೂಜಿ ಎರಡು ಸಲ ಹಾದುಹೋಗಿತ್ತು.

ರೇಖಾ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಗಂಟೆಗೆ ಎಪ್ಪತ್ತು ಕಾಲರ್. ಗಂಡ ಪ್ಲಂಬಿಂಗ್ ಕಾಂಟ್ರಾಕ್ಟ್ ಮಾಡುತ್ತಾನೆ ಎಂದು ಅಲ್ಲಿ ಹೇಳಿಕೊಂಡಿದ್ದಳು. ಅವನು ಜೈಲು ಸೇರಿದ್ದನ್ನು ಮುಚ್ಚಿಡಲು ಆಗಲಿಲ್ಲ, ಪೇಪರಿನಲ್ಲಿ ಫೋಟೊ ಬಂದಿತ್ತು. ಅವನ ಕೆಲಸದ ಮಾತು ಮಾತ್ರ ಅದರಲ್ಲಿ ಇರಲಿಲ್ಲ. ತಿಂಗಳಿಗೆ ಎರಡು ರಜೆ ಹಾಕಿ ಅವನನ್ನು ನೋಡಲು ಹೋಗುತ್ತಿದ್ದಳು. ಮರುದಿನ ಸೂಪರ್‌ವೈಸರ್ ವೇಣು ಇಡೀ ಲೈನಿಗೆ ಕೇಳುವ ಹಾಗೆ, “ಏನಮ್ಮ, ಮಾವನ ಮನೇಲಿ ಯಜಮಾನ್ರು ಚೆನ್ನಾಗಿದಾರಾ?” ಎನ್ನುತ್ತಿದ್ದ. ಯಾರೋ ಕಿಸಕ್ಕನೆ ನಗುತ್ತಿದ್ದರು. ರೇಖಾ ಕಾಲರ್ ಹೊಲಿಯುತ್ತಿದ್ದಳು.

ಜೈಲಿನಲ್ಲಿ ಗಾಜು. ಗಾಜಿನ ಈಚೆ ಒಂದು ಫೋನು, ಆಚೆ ಒಂದು ಫೋನು. ಇಪ್ಪತ್ತು ನಿಮಿಷ. “ಉಂಡ್ಯಾ?” “ಹೂಂ. ಅಮ್ಮ ಹೆಂಗವ್ಳೆ?” “ಅವ್ಳೆ.” ಅಷ್ಟರಲ್ಲಿ ಅರ್ಧ ಸಮಯ ಮುಗಿಯುತ್ತಿತ್ತು. ಅಂಗಿಯ ಮಾತನ್ನು ರೇಖಾ ಎತ್ತುತ್ತಿರಲಿಲ್ಲ. ಎತ್ತಿದರೆ ಬರುವ ಉತ್ತರಕ್ಕೆ ಹೆದರುತ್ತಿದ್ದಳು.

ಹೇಮಶ್ರೀಗೆ ಗಾಜು ಇರಲಿಲ್ಲ. ಒಂದು ಕೋಣೆ, ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಒಂದು ಸಲಕ್ಕೆ ಎರಡು ಗಂಟೆ. ಎರಡು ತಿಂಗಳಲ್ಲಿ ಏಳು ಸಲ ಹೋಗಿಬಂದಳು. ರೇಖಾ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ತನಗೆ ವರ್ಷಕ್ಕೆ ಎಂಟು ಗಂಟೆ. ಅವಳಿಗೆ ಎರಡೇ ತಿಂಗಳಲ್ಲಿ ಹದಿನಾಲ್ಕು.

“ಮೊನ್ನೆ ನಕ್ಕರು ಗೊತ್ತಾ ಅಕ್ಕ,” ಎಂದಳು ಹೇಮಶ್ರೀ ಒಂದು ದಿನ ಫೋನಿನಲ್ಲಿ. “ಆಮೇಲೆ ಚಿಕ್ಕೋರಿದ್ದಾಗಿಂದು ಏನೋ ಹೇಳ್ತಾ ಅತ್ಬಿಟ್ರು. ನಾನೇ ಕೈ ಹಿಡ್ಕೊಂಡೆ ಸ್ವಲ್ಪ ಹೊತ್ತು.”

ರೇಖಾ ಅಂದು ಒಲೆ ಹಚ್ಚಲಿಲ್ಲ. ಬಿಳೇಕಹಳ್ಳಿಯ ಹಿಂದಿನ ಕಾಲೊನಿಯಲ್ಲಿ ಅವರದು ಒಂದೇ ಕೋಣೆಯ ಮನೆ. ಅತ್ತೆ ಯಲ್ಲಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ಆ ಹುಡ್ಗಿ ಮೇಲೆ ಯಾಕೇ ಉರ್ಕೋತೀಯ? ನನ್ ಮಗನ್ನ ಉಳ್ಸಕ್ ಬಂದೋಳು.”

“ಉಳಿಸ್ಲಿ. ಕೈ ಯಾಕ್ ಹಿಡೀಬೇಕು?”

“ನೀನ್ ಹಿಡ್ದು ನಾಲ್ಕು ವರ್ಷಾಯ್ತು. ಯಾರೋ ಒಬ್ರು ಹಿಡೀಲಿ ಬಿಡು.”

ರೇಖಾಳನ್ನು ಸುಟ್ಟದ್ದು ಕೈ ಹಿಡಿದದ್ದಕ್ಕಿಂತ ಹೆಚ್ಚಾಗಿ ನಗು. ನಾಲ್ಕು ವರ್ಷದಲ್ಲಿ ಗಾಜಿನ ಈಚೆಗೆ ಅವನು ಒಂದು ಸಲವೂ ನಕ್ಕಿರಲಿಲ್ಲ.

ಈ ಉರಿ ಹೊಸದಲ್ಲ. ಇದು ಶುರುವಾದದ್ದು ಆ ಅಂಗಿಯಿಂದಲೇ.

ತನ್ನ ತಮ್ಮನ ಮದುವೆಗೆ ಹಾಕಿಕೊಳ್ಳಲೆಂದು ರೇಖಾ ಭೀಮೇಶನಿಗೆ ಒಂದು ಅಂಗಿ ಹೊಲಿದಿದ್ದಳು. ಎಕ್ಸ್‌ಪೋರ್ಟ್ ರಿಜೆಕ್ಟ್ ಬಟ್ಟೆ, ಪಾಚಿ ಹಸಿರು ಬಣ್ಣ. ದಿನಕ್ಕೆ ಐನೂರು ಕಾಲರ್ ಯಾರ್ಯಾರಿಗೋ ಹೊಲಿಯುವವಳು ಮೊದಲ ಸಲ ಗಂಡನ ಕೊರಳಿಗೆ ಒಂದು ಹೊಲಿದಳು. ಕಾಲರಿನ ಒಳಮೈಗೆ ಕೆಂಪು ದಾರದಲ್ಲಿ ಒಂದು ಗುರುತು ಹಾಕಿದಳು. ಕೊಡುವಾಗ, “ಇದನ್ನ ಹಾಕ್ಕೊಂಡು ಗುಂಡಿ ಹತ್ರ ಹೋದ್ರೆ ಮನೆಗೆ ಸೇರ್ಸಲ್ಲ,” ಎಂದಿದ್ದಳು. ಕೆಲಸದ ಬಟ್ಟೆ ಮನೆಗೆ ತರಬಾರದು ಎಂಬುದು ಆ ಕೆಲಸದವರಲ್ಲಿ ಎಲ್ಲರೂ ಪಾಲಿಸುವ ಮಾತು. ಬಟ್ಟೆ ಗುಂಡಿ ಇರುವ ಕಡೆಯೇ ಉಳಿಯುತ್ತದೆ. ಅಲ್ಲೇ ಸ್ನಾನ, ಅಲ್ಲೇ ಬದಲಾವಣೆ, ಆಮೇಲೆ ಮನೆ.

2021ರ ಜನವರಿ 17, ಭಾನುವಾರ. ನೆಂಟರ ಮನೆಗೆ ನಾಮಕರಣಕ್ಕೆಂದು ಅದೇ ಅಂಗಿ ಹಾಕಿಕೊಂಡು ಹೊರಟ ಭೀಮೇಶ್ ಸಂಜೆ ಯಾರದೋ ಟೀ ಶರ್ಟು ಹಾಕಿಕೊಂಡು ಬಂದ. ಮೈಯಿಂದ ಗಂಧದ ಸೋಪಿನ ವಾಸನೆ ಬರುತ್ತಿತ್ತು.

“ಅಂಗಿ ಎಲ್ಲಿ?”

“ಕಳ್ದೋಯ್ತು.”

“ಮೈಮೇಲಿದ್ದ ಅಂಗಿ ಕಳ್ದೋಗತ್ತಾ? ಯಾರ ಮನೇಲಿ ಬಿಚ್ದೆ?”

ಅವನು ಬಕೆಟ್ಟು ಎತ್ತಿಕೊಂಡು ನೀರಿಗೆ ಹೊರಟ. ರೇಖಾ ಮೂರು ವಾರ ಅದೇ ಪ್ರಶ್ನೆ ಕೇಳಿದಳು. ಟ್ರಂಕು ಮಗುಚಿದಳು. ಮಂಚದ ಕೆಳಗೆ ತೂರಿ ಟಾರ್ಚು ಬಿಟ್ಟು ನೋಡಿದಳು. ಅಂಗಿಯಿರಲಿ, ಅದರ ಒಂದು ಗುಂಡಿಯೂ ಸಿಗಲಿಲ್ಲ. ಕಾಲೊನಿಯ ಪ್ರತಿ ಹೆಂಗಸಿನ ಮೈ ಮೂಸುವಷ್ಟು ಹತ್ತಿರ ಹೋಗಿ ಮಾತಾಡಿಸಿದಳು, ಗಂಧದ ಸೋಪು ಯಾರದು ಎಂದು.

ಅವನನ್ನು ಹಿಡಿದುಕೊಂಡು ಹೋದ ಮೂರನೇ ದಿನ ಜೀಪು ಬಂದು ಬೀದಿಯ ತುದಿಗೆ ನಿಂತಿತು. ರೇಖಾಳನ್ನು ಅಲ್ಲಿಗೇ ಕರೆದರು. ಒಬ್ಬ ಪೊಲೀಸ್ ಪ್ಲಾಸ್ಟಿಕ್ ಚೀಲದಿಂದ ಅಂಗಿ ಎಳೆದ. ಪಾಚಿ ಹಸಿರು.

“ನಿನ್ ಗಂಡಂದಾ ಇದು?”

ರೇಖಾ ಕಾಲರ್ ಮಗುಚಿದಳು. ಕೆಂಪು ದಾರ. ಗಂಡ ಲಾಕಪ್ಪಿನಲ್ಲಿದ್ದಾನೆ, ಅಂಗಿಯ ಮೇಲೆ ಕಂದು ಕಲೆ ಇದೆ. ಎರಡೂ ಅವಳ ತಲೆಗೆ ಹೋಗಲಿಲ್ಲ. ಕೊನೆಗೂ ಸಿಕ್ಕಿತು ಎಂಬುದೊಂದೇ ಹೋಯಿತು.

“ಹೌದು ಸಾರ್, ನಮ್ಮೋರ್ದೇ! ಎಲ್ಲಿತ್ತು? ಯಾರ ಮನೇಲಿತ್ತು ಸಾರ್?”

“ಅದೆಲ್ಲ ಆಮೇಲೆ. ಸೈನ್ ಹಾಕು.”

ಹಾಕಿದಳು. ಓದಲಿಲ್ಲ. ಪೆನ್ನು ವಾಪಸ್ ಕೊಡುವಾಗಲೂ ಕೇಳಿದಳು, “ಯಾರ ಮನೇಲಿತ್ತು ಅಂತ ಹೇಳಿ ಸಾರ್.” ಜೀಪು ಹೊರಟುಹೋಯಿತು. ಮುಂದೆ ಮೂರು ವರ್ಷ ವಿಚಾರಣೆ ನಡೆಯಿತು. ಭೀಮೇಶನ ಮೊದಲ ವಕೀಲರು ಅವಳನ್ನು ಒಮ್ಮೆಯೂ ಕರೆದು ಕೇಳಲಿಲ್ಲ. ಅವಳು ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತು, ಅಂಗಿ ಇದ್ದದ್ದು ಯಾವ ಮನೆಯಲ್ಲಿ ಎಂದು ಯೋಚಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಹೇಮಶ್ರೀ ಮನೆಗೆ ಬಂದಳು. ವರದಿಯನ್ನು ಮನೆಯವರಿಗೆ ಓದಿ ಹೇಳಿ, ತಪ್ಪಿದ್ದರೆ ತಿದ್ದಬೇಕಂತೆ. ಬುದ್ಧನ ಫೋಟೊದ ಕೆಳಗೆ ಚಾಪೆಯ ಮೇಲೆ ಕೂತು ಓದತೊಡಗಿದಳು. ಮೊದಲು ಕೇಸಿನ ವಿವರ. ರೇಖಾ ಕೇಳಿಸಿಕೊಳ್ಳಲಿಲ್ಲ. ಓದುವವಳ ಕೈಯನ್ನು ನೋಡುತ್ತಿದ್ದಳು. ಇದೇ ಕೈ.

“‘ಹದಿನೈದನೇ ವಯಸ್ಸಿನಲ್ಲಿ ಮೊದಲ ಸಲ ಗುಂಡಿಗೆ ಇಳಿದರು. ಕುತ್ತಿಗೆಯವರೆಗೆ ಮುಳುಗಿದ್ದರು. ಅಂದಿನಿಂದ ಬೇಳೆ ಸಾರು ತಿನ್ನಲಾಗುವುದಿಲ್ಲ. ಬಣ್ಣ ನೋಡಿದರೆ ವಾಂತಿ ಬರುತ್ತದೆ ಎಂದು ಹೇಳುತ್ತಾರೆ.’”

ರೇಖಾ ತಲೆ ಎತ್ತಿದಳು. ಮದುವೆಯಾದಾಗಿನಿಂದ ಅವನು ಬೇಳೆ ಸಾರಿನ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದ. ತನ್ನ ಕೈರುಚಿ ಅವನಿಗೆ ಹಿಡಿಸುವುದಿಲ್ಲ ಎಂದು ಅವಳು ಎಷ್ಟು ಜಗಳ ಆಡಿದ್ದಳು, ಎಷ್ಟು ಸಲ ಅತ್ತಿದ್ದಳು.

ಹೇಮಶ್ರೀ ಪುಟ ತಿರುಗಿಸಿದಳು. “‘2021ರ ಜನವರಿಯ ಒಂದು ಭಾನುವಾರ, ನಾಮಕರಣಕ್ಕೆ ಹೋಗುವ ದಾರಿಯಲ್ಲಿ, ಶಿವರಾಮ್ ಫೋನ್ ಮಾಡಿ ಕರೆಸಿದರು. ಗುಂಡಿ ತುಂಬಿ ಕೆಳಗಿನ ಕೋಣೆಗಳಿಗೆ ನುಗ್ಗಿತ್ತು. ಕೆಲಸದ ಬಟ್ಟೆ ಬೇರೊಂದು ಗುಂಡಿಯ ಹತ್ತಿರ ಉಳಿದಿತ್ತು. ಅಂಗಿ ಬಿಚ್ಚಿ ಇಳಿಯಲು ಹೋದಾಗ, ಇದು ಹೆಣ್ಣುಮಕ್ಕಳ ಪಿಜಿ, ಕಿಟಕಿಯಲ್ಲಿ ಎಲ್ಲರೂ ನೋಡುತ್ತಿದ್ದಾರೆ, ಬರಿ ಮೈಯಲ್ಲಿ ಇಳಿಯಬೇಡ ಎಂದರು. ಹೆಂಡತಿ ಹೊಲಿದುಕೊಟ್ಟ ಅಂಗಿಯಲ್ಲೇ ಇಳಿದರು. ಮೇಲೆ ಬಂದ ಮೇಲೆ ಗೌರಮ್ಮ ಅಡುಗೆಮನೆಯ ಬಾಗಿಲಿಂದ ಗಂಧದ ಸೋಪಿನ ಚೂರೊಂದನ್ನು ಎಸೆದರು. ನಾಲ್ಕು ಸಲ ಒಗೆದರೂ ಅಂಗಿಯ ವಾಸನೆ ಹೋಗಲಿಲ್ಲ. ಮನೆಗೆ ಒಯ್ಯಲು ನಾಚಿಕೆಯಾಗಿ ಹಿತ್ತಿಲ ಶೆಡ್ಡಿನ ಮೊಳೆಗೆ ನೇತುಹಾಕಿದರು. ಮುಂದೆ ಅದೇ ಅವರ ಕೆಲಸದ ಅಂಗಿಯಾಯಿತು.’”

ರೇಖಾ ಕಾಗದ ಕಸಿದುಕೊಂಡಳು.

“ಇದನ್ನ ನಿಮಗ್ಯಾಕ್ ಹೇಳ್ದ?”

“ನಾನ್ ಕೇಳ್ದೆ ಅಕ್ಕ.”

“ನಾನ್ ಕೇಳಿಲ್ವಾ? ಮೂರು ವಾರ ಬಡ್ಕೊಂಡಿದೀನಿ! ನನ್ ಅಂಗಿ ಅದು. ನಾನ್ ಹೊಲ್ದಿದ್ದು. ನನಗ್ ಹೇಳ್ದೇ ಇರೋದು ನಿಮಗ್ಯಾಕೆ?”

ಹೇಮಶ್ರೀ ಪೆನ್ನಿನ ಮುಚ್ಚಳ ಹಾಕಿದಳು. “ನೀವು ‘ಯಾರ ಮನೇಲಿ ಬಿಚ್ದೆ’ ಅಂತ ಕೇಳಿದ್ರಂತೆ. ನಾನು ‘ಏನಾಯ್ತು’ ಅಂತ ಕೇಳ್ದೆ.”

“ಎದ್ದೋಗಿ ಮೇಡಂ. ನಮ್ಮನೆಯಿಂದ ಎದ್ದೋಗಿ.”

ಹೇಮಶ್ರೀ ಎದ್ದು ಹೋದಳು. ಸ್ಕೂಟರಿನ ಸದ್ದು ದೂರವಾಯಿತು. ರೇಖಾ ಗೋಡೆಗೆ ಮುಖ ಮಾಡಿ ನಿಂತಳು. ಹಿಂದಿನಿಂದ ಯಲ್ಲಮ್ಮ ಮೆಲ್ಲಗೆ ಕೇಳಿದಳು.

“ಲೇ ರೇಖಾ. ಆ ಹುಡ್ಗಿ ಮೊದ್ಲು ಓದಿದ್ದು ಕೇಳಿಸ್ಕೊಂಡ್ಯಾ? ಅಂಗಿ ನಮ್ ಮಂಚದ ಕೆಳಗೆ ಸಿಕ್ತು ಅಂತ ಬರ್ದಿದಾರಂತೆ.”

“ಏನು?”

“ಮೊಳೆ ಮೇಲಿದ್ದಿದ್ದು ಮಂಚದ ಕೆಳಗೆ ಹೆಂಗ್ ಬಂತೇ? ಅವತ್ತು ನಾನ್ ಇಲ್ಲೇ ಕೂತಿದ್ದೆ. ಪೊಲೀಸ್ರು ನಮ್ ಹೊಸ್ಲು ತುಳೀಲೇ ಇಲ್ವಲ್ಲ.”

ರೇಖಾ ಮಂಡಿಯೂರಿ ಮಂಚದ ಕೆಳಗೆ ನೋಡಿದಳು. ಒಂದು ಬಕೆಟ್ಟು, ಹಳೆಯ ಚಪ್ಪಲಿ. ಈ ಜಾಗವನ್ನು ಅವಳಷ್ಟು ಚೆನ್ನಾಗಿ ಹುಡುಕಿದವರು ಲೋಕದಲ್ಲಿ ಯಾರೂ ಇರಲಿಲ್ಲ.

ಆ ಮಧ್ಯಾಹ್ನವೇ ಅವಳು ಗುಂಡಿ ಬಳಿಯುವ ಟ್ಯಾಂಕರಿನ ಡ್ರೈವರ್ ಹನಮಂತನನ್ನು ಹುಡುಕಿಕೊಂಡು ಹೋದಳು. ಭೀಮೇಶನ ಜೊತೆ ಆರು ವರ್ಷ ದುಡಿದವನು. ನಾಮಕರಣದ ದಿನ ಭೀಮೇಶ್ ಹಾಕಿಕೊಂಡು ಬಂದಿದ್ದ ಟೀ ಶರ್ಟು ಅವನದೇ ಆಗಿತ್ತು.

“ಅಂಗಿ ಶೆಡ್ಡಲ್ಲೇ ಇರ್ತಿತ್ತಲ್ಲ ಅಕ್ಕ. ನನಗ್ ಗೊತ್ತು. ಆದ್ರೆ ನನ್ನ ಯಾರ್ ಕೇಳಿದ್ರು?”

“ನಿನ್ ಬಾಯಿ ಮಾತು ಯಾರ್ ನಂಬ್ತಾರೆ?”

ಹನಮಂತ ಫೋನು ತೆಗೆದ. “ಫೋಟೊ ನಂಬ್ತಾರಾ? ಗುಂಡಿ ಖಾಲಿಯಾಗಿರೋ ಫೋಟೊ ವಾಟ್ಸಾಪ್ ಮಾಡ್ದೇ ಇದ್ರೆ ಶಿವರಾಮಣ್ಣ ದುಡ್ಡು ಬಿಚ್ತಿರ್ಲಿಲ್ಲ. ಪ್ರತಿ ಸಲ ಹೊಡೀತಿದ್ದೆ. ಎಲ್ಲ ಹಂಗೇ ಇದಾವೆ. ಡಿಲೀಟ್ ಮಾಡಕ್ ನನಗ್ ಬರಲ್ಲ ಅಕ್ಕ.”

ಬೆರಳಿನಿಂದ ನಾಲ್ಕು ವರ್ಷ ಹಿಂದಕ್ಕೆ ಸರಿಸಿದ. ಸಾವಿರಾರು ಗುಂಡಿಗಳು. 2021ರ ಜನವರಿ 30ಕ್ಕೆ ನಿಲ್ಲಿಸಿದ. ಖಾಲಿಯಾದ ಗುಂಡಿ, ಅದರೊಳಗೆ ನಿಂತು ಮೇಲೆ ನೋಡುತ್ತಿರುವ ಒಬ್ಬ ಮನುಷ್ಯ. ಅಂದು ಪಿಜಿಯ ಕೆಲಸದಾಕೆಯರು ಕಿಟಕಿಗಳಿಗೆ ಪರದೆ ಎಳೆದಿದ್ದರಂತೆ, ಅದಕ್ಕೇ ಅವನು ಅಂಗಿ ಹಾಕದೆ ಬರಿ ಮೈಯಲ್ಲಿ ಇಳಿದಿದ್ದ. ಹಿಂದೆ ಶೆಡ್ಡು. ಶೆಡ್ಡಿನ ಗೋಡೆಯ ಮೊಳೆಯಲ್ಲಿ ಪಾಚಿ ಹಸಿರು ಅಂಗಿ. ಕಾಲರ್ ಮಗುಚಿಕೊಂಡಿತ್ತು. ರೇಖಾ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಕೆಂಪು ದಾರ ಕಂಡಿತು.

ಅದಾದ ಮೇಲೆ ಕಂಡದ್ದು ಗಂಡನ ಮುಖ. ಗುಂಡಿಯೊಳಗಿನ ಅವನನ್ನು ಅವಳು ನೋಡಿದ್ದು ಅದೇ ಮೊದಲು.

ಸೋಮವಾರ ನರೇಂದ್ರರ ಮೇಜಿನ ಮೇಲೆ ಅಫಿಡವಿಟ್ಟು ಸಿದ್ಧವಾಗಿತ್ತು. “ಇಲ್ಲಿ ಸೈನ್ ಹಾಕಮ್ಮ. ಗಂಡ ಪಶ್ಚಾತ್ತಾಪ ಪಟ್ಟಿದಾನೆ, ವಯಸ್ಸಾದ ತಾಯಿ ಇದಾರೆ, ದಯೆ ತೋರ್ಸಿ ಅಂತಷ್ಟೇ.”

“ಹಾಕಲ್ಲ ಸಾರ್.”

“ಯಾಕೆ?”

“ಓದ್ದೆ ಒಂದ್ಸಲ ಹಾಕಿದೀನಿ. ಮಾಡ್ದೇ ಇರೋದಕ್ಕೆ ಅವ್ನು ಯಾಕ್ ಪಶ್ಚಾತ್ತಾಪ ಪಡ್ಬೇಕು? ನಮಗ್ ದಯೆ ಬ್ಯಾಡ. ನನ್ನ ಕರ್ದು ಕೇಳಿ.”

ಅವಳು ಎಲ್ಲವನ್ನೂ ಹೇಳಿದಳು. ಹನಮಂತನ ಫೋನು ಮೇಜಿನ ಮೇಲಿಟ್ಟಳು. ನರೇಂದ್ರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಪೀಲಿನಲ್ಲೂ ಹೊಸ ಸಾಕ್ಷ್ಯ ತೆಗೆದುಕೊಳ್ಳಲು ಅವಕಾಶವಿದೆ ಎಂದರು. ಆಮೇಲೆ ದನಿ ತಗ್ಗಿಸಿದರು.

“ಎದುರಿನ ವಕೀಲರು ಬಿಡಲ್ಲಮ್ಮ. ಗಂಡನ್ನ ಯಾಕ್ ಅನುಮಾನಿಸ್ದೆ, ಯಾರ್ ಜೊತೆ ಅಂತೆಲ್ಲ ಎಲ್ರ ಮುಂದೆ ಕೇಳ್ತಾರೆ. ಪೇಪರ್ನೋರೂ ಇರ್ತಾರೆ. ಫ್ಯಾಕ್ಟ್ರೀಲೂ ಗೊತ್ತಾಗತ್ತೆ.”

“ಕೇಳ್ಲಿ.”

ಮೂಲೆಯಲ್ಲಿ ಕೂತಿದ್ದ ಹೇಮಶ್ರೀ ಏನೋ ಹೇಳಲು ಬಾಯಿ ತೆರೆದಳು. ರೇಖಾ ಅವಳ ಕಡೆ ತಿರುಗಲಿಲ್ಲ.

ಹೈಕೋರ್ಟ್ ಅರ್ಜಿ ಒಪ್ಪಿತು. ಸಾಕ್ಷ್ಯ ದಾಖಲಿಸಿ ಕಳಿಸುವಂತೆ ಸೆಷನ್ಸ್ ನ್ಯಾಯಾಲಯಕ್ಕೆ ಹೇಳಿತು. 2025ರ ಜುಲೈನಲ್ಲಿ ಒಂದು ಬುಧವಾರ ರೇಖಾ ಸಾಕ್ಷಿ ಕಟ್ಟೆ ಹತ್ತಿದಳು. ಹಾಲಿನ ಹಿಂದೆ ಇಬ್ಬರು ಪೊಲೀಸರ ನಡುವೆ ಭೀಮೇಶ್ ನಿಂತಿದ್ದ. ನಡುವೆ ಗಾಜು ಇರಲಿಲ್ಲ. ಅವನು ನೆಲ ನೋಡುತ್ತಿದ್ದ.

ನರೇಂದ್ರರ ಪ್ರಶ್ನೆಗಳು ಮುಗಿದ ಮೇಲೆ ಸರ್ಕಾರಿ ವಕೀಲರು ಎದ್ದರು.

“ನಾಲ್ಕು ವರ್ಷದ ಹಿಂದೆ ಮಂಚದ ಕೆಳಗೆ ಅಂಗಿ ಇರಲಿಲ್ಲ ಅಂತ ನಿಮಗೆ ಹೇಗೆ ಇಷ್ಟು ಖಚಿತ?”

“ಟಾರ್ಚ್ ಹಾಕಿ ಹುಡ್ಕಿದ್ದೆ ಸಾರ್. ದಿನಾ ಹುಡುಕ್ತಿದ್ದೆ. ಅವನ್ನ ಹಿಡ್ಕೊಂಡು ಹೋದ್ಮೇಲೂ ಹುಡ್ಕಿದೀನಿ.”

“ಒಂದು ಹಳೇ ಅಂಗಿಗಾಗಿ?”

“ಹೊಟ್ಟೆಕಿಚ್ಚಿಗೆ.”

ಹಾಲಿನಲ್ಲಿ ಯಾರೋ ನಕ್ಕರು. ಅದು ಗಾರ್ಮೆಂಟ್ಸಿನ ಲೈನಿನ ನಗುವಿನಂತೆಯೇ ಇತ್ತು. ರೇಖಾ ಅದು ನಿಲ್ಲುವವರೆಗೆ ಕಾದಳು.

“ಅಂದರೆ ನಿಮ್ಮ ಗಂಡನಿಗೆ ಬೇರೆ ಹೆಂಗಸಿನ ಸಹವಾಸ ಇತ್ತು ಅಂತೀರಿ.”

“ಅಂದ್ಕೊಂಡಿದ್ದೆ. ಅದಕ್ಕೇ ಪೊಲೀಸ್ರು ಅಂಗಿ ತೋರ್ಸಿದಾಗ ಯಾರ ಮನೇಲಿತ್ತು ಅಂತ ಕೇಳ್ದೆ. ನಮ್ಮನೇಲೇ ಸಿಕ್ಕಿದ್ರೆ ಹಂಗ್ಯಾಕ್ ಕೇಳ್ತಿದ್ದೆ ಸಾರ್? ಕೇಳ್ತಾ ಕೇಳ್ತಾನೇ ಸೈನ್ ಹಾಕ್ದೆ. ಏನ್ ಬರ್ದಿದೆ ಅಂತ ನೋಡ್ಲಿಲ್ಲ.”

“ಆ ಹೆಂಗಸು ಯಾರು ಅಂತ ಗೊತ್ತಾಯಿತೇ?”

“ಯಾರೂ ಇಲ್ಲ. ನಾನ್ ಹೊಲ್ದ ಅಂಗಿ ನೂರಾರು ಜನದ ಕಕ್ಕಸು ಗುಂಡಿಗೆ ಇಳಿದಿತ್ತು. ನನ್ ಗಂಡ ಗುಂಡಿ ಬಳಿಯೋನು. ಪ್ಲಂಬರ್ ಅಲ್ಲ. ಅವ್ನಿಗೆ ನಾಚ್ಕೆ ಆಗಿ ನನಗ್ ಹೇಳ್ಲಿಲ್ಲ. ಸೋಪು ಎಸ್ದಿದ್ದು ಆ ಸತ್ತ ಅಜ್ಜಿ. ಕೈಗೆ ಕೊಡ್ಲಿಲ್ಲ, ಎಸೆದ್ರು. ಒಂಬತ್ತು ವರ್ಷ ಒಳಕ್ ಬಿಟ್ಕೊಳ್ದೇ ಇರೋ ಮನೇಲಿ ಒಡವೆ ಎಲ್ಲಿದೆ ಅಂತ ಅವ್ನಿಗೆ ಹೆಂಗ್ ಗೊತ್ತಾಗತ್ತೆ? ಅದನ್ನ ಬರ್ಕೊಳ್ಳಿ.”

ನ್ಯಾಯಾಧೀಶರು ಟೈಪಿಸ್ಟ್ ಕಡೆ ನೋಡಿ ತಲೆಯಾಡಿಸಿದರು. ಕೀಲಿಗಳ ಸದ್ದು ಕೇಳಿಸಿತು. ಹಿಂದೆ ಭೀಮೇಶ್ ತಲೆ ಎತ್ತಿದ್ದ.

ಹೈಕೋರ್ಟಿನ ತೀರ್ಪು ಐವತ್ತೆರಡು ಪುಟ. ರೇಖಾಳ ಹೆಸರು ಅದರಲ್ಲಿ ಹನ್ನೊಂದು ಕಡೆ ಇತ್ತು. ಗಲ್ಲು ಶಿಕ್ಷೆ ದೃಢಪಡಿಸಲು ಕೋರ್ಟು ನಿರಾಕರಿಸಿತು. ಅಪರಾಧಿ ಎಂಬ ತೀರ್ಮಾನವನ್ನೂ ರದ್ದುಮಾಡಿತು. ಅಂಗಿ ಎಲ್ಲಿ ಸಿಕ್ಕಿತು ಎಂಬುದನ್ನು ಪೊಲೀಸರು ಸಾಬೀತುಪಡಿಸಿಲ್ಲ, ಹಿತ್ತಿಲ ಮೊಳೆಯ ಮೇಲಿದ್ದ ಅಂಗಿಗೆ ರಕ್ತ ಯಾರ ಕೈಯಿಂದಲಾದರೂ ಅಂಟಿರಬಹುದು ಎಂದಿತು. ‘ಆರೋಪಿಗೆ ಮನೆಯೊಳಗೆ ಪ್ರವೇಶವೇ ಇರಲಿಲ್ಲ’ ಎಂಬ ವಾಕ್ಯ ನಲವತ್ತನೇ ಪುಟದಲ್ಲಿತ್ತು. ಪ್ರವೇಶ ಏಕೆ ಇರಲಿಲ್ಲ ಎಂಬುದು ಆ ಅಪೀಲಿನ ಪ್ರಶ್ನೆಯಾಗಿರಲಿಲ್ಲ. ಕಕ್ಕಸು ಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಗುಂಡಿಯೊಳಗೆ ಭೀಮೇಶ್ ನಿಂತಿದ್ದ ಫೋಟೊ ಕೋರ್ಟಿನ ದಾಖಲೆಯಾಗಿ ಗುರುತಾಯಿತು. ಆ ಬಗ್ಗೆ ಯಾರ ಮೇಲೂ ಕೇಸು ಆಗಲಿಲ್ಲ.

ಜೈಲಿನ ಗೇಟಿನ ಹೊರಗೆ ರೇಖಾ ಬೆಳಿಗ್ಗೆ ಎಂಟಕ್ಕೇ ಬಂದು ನಿಂತಳು. ಹೇಮಶ್ರೀ ಸ್ವಲ್ಪ ದೂರದಲ್ಲಿ ಸ್ಕೂಟರಿಗೆ ಒರಗಿದ್ದಳು. ಬರಬೇಕೆಂದು ಹೇಳಿದವಳು ರೇಖಾಳೇ. ಆದರೂ ಗೇಟು ತೆರೆದಾಗ ಅವಳು ನೋಡಿದ್ದು ಗಂಡನ ಕಣ್ಣು ಮೊದಲು ಯಾರ ಕಡೆ ಹೋಗುತ್ತದೆ ಎಂದು.

ಹೇಮಶ್ರೀಯ ಕಡೆ ಹೋಯಿತು. ಅವನು ಅವಳಿಗೆ ಕೈ ಮುಗಿದ. ರೇಖಾಳ ಹಳೆಯ ಉರಿ ಒಮ್ಮೆ ಎದ್ದಿತು.

ಆಮೇಲೆ ಅವನು ಇವಳ ಹತ್ತಿರ ಬಂದ. ಬಂದು ಒಂದು ಗಜ ದೂರದಲ್ಲೇ ನಿಂತ. ವಾಸನೆ ತಾಗೀತು ಎಂಬಂತೆ ನಿಲ್ಲುವುದು ಅವನ ಅಭ್ಯಾಸ. ರೇಖಾ ಹತ್ತಿರ ಹೋಗಿ ಅವನ ಕೈ ಹಿಡಿದುಕೊಂಡಳು. ಗಟ್ಟಿಯಾಗಿ, ಆಚೆ ನಿಂತವಳಿಗೆ ಕಾಣುವ ಹಾಗೆ.

“ನನಗ್ ಹೇಳು,” ಎಂದಳು.

“ಏನ?”

“ಎಲ್ಲ. ಅವ್ರಿಗೆ ಹದಿನಾಲ್ಕು ಗಂಟೆ ಹೇಳಿದೀಯಲ್ಲ. ಅಷ್ಟೂ.”

“ಮನೇಗ್ ಹೋಗಿ ಹೇಳ್ತೀನಿ ರೇಖಾ.”

“ಇಲ್ಲೇ ಹೇಳು.”

ಬೊಮ್ಮನಹಳ್ಳಿ ಕಡೆಗೆ ಹೋಗುವ ಬಸ್ಸು ಬಂತು. ಭೀಮೇಶ್ ಹೆಜ್ಜೆ ಎತ್ತಿದ. ರೇಖಾ ಕೈ ಬಿಡಲಿಲ್ಲ. ಬಸ್ಸು ನಿಂತಿತು, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟುಹೋಯಿತು.

ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು.

“ಹದಿನೈದು ವರ್ಷ ಆಗಿತ್ತು ನನಗೆ,” ಎಂದು ಅವನು ಶುರುಮಾಡಿದ.